ಸೌದೆಯ ಲೆಕ್ಕ ಬಾಯ್ಲರಿನ ಬಾಗಿಲಲ್ಲಿ ಶುರುವಾಗುವುದಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಲ್ಲಿದ್ದಲು ಮತ್ತು ಫರ್ನೇಸ್ ಎಣ್ಣೆಯನ್ನು ಬಿಟ್ಟು ಮರದ ಚಕ್ಕೆಯನ್ನು, ಪುಡಿಯನ್ನು ಒತ್ತಿ ಮಾಡಿದ ಗುಳಿಗೆ (ಪೆಲೆಟ್) ಮತ್ತು ದೊಡ್ಡ ತುಂಡು (ಬ್ರಿಕೆಟ್)ಗಳನ್ನು ಉರಿಸತೊಡಗಿದ ಕಾರ್ಖಾನೆಗಳು ತಮ್ಮ ಬಾಯ್ಲರಿನಿಂದ ಇಂಗಾಲವೇ ಹೊರಬೀಳುವುದಿಲ್ಲ ಎಂಬಂತೆ ಹೇಳಿಕೊಳ್ಳುವುದು ಈಚೆಗೆ ರೂಢಿಯಾಗಿದೆ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು ತಮ್ಮ ಇಂಧನದಲ್ಲಿ ಶೇ 5ರಷ್ಟು ಜೈವಿಕ ಉರುವಲಿನ ಪೆಲೆಟ್ ಬೆರೆಸಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ನೀತಿ ಹೊರಡಿಸಿದ ಮೇಲೆ ಈ ಮಾತಿಗೆ ಇನ್ನಷ್ಟು ಬಲ ಬಂದಿದೆ. ಆ ನೀತಿಯ ಕಣ್ಣು ಮುಖ್ಯವಾಗಿ ಬೆಳೆಯ ಉಳಿಕೆಯ ಮೇಲಿದೆ ಎಂಬುದು ನಿಜ. ಆದರೆ ಉರುವಲಿನ ಮಾರುಕಟ್ಟೆಯಲ್ಲಿ ಗೋಡೆಗಳಿಲ್ಲ. ಕಡಲೆಕಾಯಿ ಸಿಪ್ಪೆಯ ಬೆಲೆ ಏರಿದರೆ ಅದನ್ನು ಉರಿಸುತ್ತಿದ್ದ ಇಟ್ಟಿಗೆ ಗೂಡಿನವರು ಜಾಲಿ ಕಟ್ಟಿಗೆಯನ್ನು ಹುಡುಕಿಕೊಂಡು ಹೋಗುತ್ತಾರೆ, ಜಾಲಿಯ ಬೆಲೆ ಏರಿದರೆ ಅದನ್ನು ಬಿಟ್ಟಿಯಾಗಿ ಆಯ್ದು ತಂದು ಅಡುಗೆ ಮಾಡುತ್ತಿದ್ದ ಮನೆಯ ಒಲೆಗೆ ಪೆಟ್ಟು ಬೀಳುತ್ತದೆ. ಮರದಿಂದ ಇಂಧನ ಮಾಡುವ ಕೆಲಸವನ್ನು ಬಾಯ್ಲರಿನ ಬಾಗಿಲಿನಿಂದ ಹೊಗೆಕೊಳವೆಯವರೆಗೆ ಮಾತ್ರ ನೋಡುವವರಿಗೆ ಇದು ಕಾಣುವುದಿಲ್ಲ. ಮರದ ಇಂಧನಕ್ಕೆ ನಾನು ವಿರೋಧಿಯಲ್ಲ. ನಮ್ಮ ಒಣಭೂಮಿಯ ತಾಲ್ಲೂಕುಗಳಿಗೆ ಅದರಿಂದ ದೊಡ್ಡ ಉಪಕಾರವಾಗಬಲ್ಲದು ಎಂದು ನಂಬಿರುವುದರಿಂದಲೇ ಅದರ ಲೆಕ್ಕವನ್ನು ಪೂರ್ತಿಯಾಗಿ ಹಾಕಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಪೂರ್ತಿ ಲೆಕ್ಕ ಹಾಕುವ ಈ ಕ್ರಮವನ್ನು ವಿಜ್ಞಾನಿಗಳು ವ್ಯವಸ್ಥಾ ಚಿಂತನೆ ಎಂದು ಕರೆಯುತ್ತಾರೆ. ಹೆಸರು ದೊಡ್ಡದಾದರೂ ಅದು ಕೇಳುವ ಪ್ರಶ್ನೆಗಳು ಯಾವ ರೈತನಿಗೂ ಹೊಸವಲ್ಲ. ಈ ವಸ್ತು ಎಲ್ಲಿಂದ ಬಂತು, ಬೆಳೆಯಲು ಎಷ್ಟು ಕಾಲ ಹಿಡಿಯಿತು, ಇದನ್ನು ಮೊದಲು ಯಾರು ಬಳಸುತ್ತಿದ್ದರು, ಉಳಿದದ್ದು ಎಲ್ಲಿಗೆ ಹೋಗುತ್ತದೆ, ಮತ್ತು ನಾವು ಈಗ ಮಾಡುವ ಬಳಕೆ ಸುತ್ತಿ ಬಂದು ಮೊದಲ ಹಂತವನ್ನೇ ಹೇಗೆ ಬದಲಿಸುತ್ತದೆ? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು, ಸಾಮಾನ್ಯವಾಗಿ ಕೈಬಿಟ್ಟುಹೋಗುವುದೂ ಅದೇ.

ಈ ಬಗೆಯ ಲೆಕ್ಕವನ್ನು ದೇಶದಲ್ಲೇ ಮೊದಲಿಗರಾಗಿ ಶ್ರದ್ಧೆಯಿಂದ ಹಾಕಿದವರಲ್ಲಿ ನಮ್ಮ ರಾಜ್ಯದವರಿದ್ದರು ಎಂಬುದನ್ನು ಹೆಮ್ಮೆಯಿಂದ ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಹುಟ್ಟಿದ, ಹಳ್ಳಿಗಳಿಗೆ ಒದಗುವ ವಿಜ್ಞಾನ ತಂತ್ರಜ್ಞಾನದ ‘ಅಸ್ತ್ರ’ ಘಟಕದ ವಿಜ್ಞಾನಿಗಳು 1977ರ ಸುಮಾರಿಗೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಶಕ್ತಿಯ ಬಳಕೆಯನ್ನು ಮನೆಮನೆ ಸುತ್ತಿ ಅಳೆದರು. 56 ಮನೆಗಳ, 357 ಜನರ ಆ ಹಳ್ಳಿ ವರ್ಷಕ್ಕೆ ಸುಮಾರು 217 ಟನ್ ಸೌದೆಯನ್ನು ಉರಿಸುತ್ತಿತ್ತು. ಅಂದರೆ ತಲೆಗೆ 600 ಕಿಲೋಗ್ರಾಂ. ಅದರಲ್ಲಿ ದುಡ್ಡು ಕೊಟ್ಟು ಕೊಂಡದ್ದು ಶೇ 4ರಷ್ಟು ಮಾತ್ರ, ಮಿಕ್ಕಿದ್ದೆಲ್ಲ ಹೆಂಗಸರು, ಮಕ್ಕಳು, ಗಂಡಸರು ಬೇಲಿ, ಬದು, ಗೋಮಾಳಗಳಲ್ಲಿ ಆಯ್ದು ಹೊತ್ತು ತಂದದ್ದು. ಈ ಅಧ್ಯಯನದ ದೊಡ್ಡತನವೆಂದರೆ, ಸೌದೆಯನ್ನು ತೂಗಿದವರು ಅದನ್ನು ಹೊತ್ತ ಮನುಷ್ಯರ ದುಡಿಮೆಯನ್ನೂ ಎತ್ತಿನ ದುಡಿಮೆಯನ್ನೂ ಅದೇ ಪಟ್ಟಿಯಲ್ಲಿ ಶಕ್ತಿಯೆಂದು ಬರೆದುಕೊಂಡರು. ಸರ್ಕಾರದ ಅಂಕಿಅಂಶಗಳಲ್ಲಿ ಅದುವರೆಗೆ ಸೀಮೆಎಣ್ಣೆ ಇತ್ತು, ವಿದ್ಯುತ್ತಿತ್ತು, ಕಲ್ಲಿದ್ದಲಿತ್ತು. ತಲೆಯ ಮೇಲಿನ ಹೊರೆ ಇರಲಿಲ್ಲ.

ಪುರದಂಥ ಹಳ್ಳಿಗಳಿಂದ ತಿಳಿದ ಇನ್ನೊಂದು ಸಂಗತಿಯೂ ಇಂದಿನ ಚರ್ಚೆಗೆ ಬೇಕು. ಮನೆಯ ಒಲೆಗೆ ಬರುತ್ತಿದ್ದುದು ಬಹುಮಟ್ಟಿಗೆ ಪುಳ್ಳೆ, ಒಣಗಿದ ರೆಂಬೆ, ಮುರಿದ ಟೊಂಗೆ. ಅದಕ್ಕೆ ಮರ ಉರುಳಬೇಕಾಗಿರಲಿಲ್ಲ. ಮರದ ಬುಡಕ್ಕೆ ಗರಗಸ ಬೀಳುವುದು ಪಟ್ಟಣದ ಇದ್ದಿಲಿಗೆ, ಗೂಡಿಗೆ, ಬಾಯ್ಲರಿಗೆ. ಏಕೆಂದರೆ ಅವಕ್ಕೆ ಒಂದೇ ಸಮನಾದ, ಲಾರಿಗೆ ತುಂಬಬಹುದಾದ ಸರಕು ಬೇಕು. ಆದ್ದರಿಂದ ‘ಹಳ್ಳಿಯವರು ಹೇಗೂ ಸೌದೆ ಉರಿಸುತ್ತಾರಲ್ಲ, ಕಾರ್ಖಾನೆ ಉರಿಸಿದರೆ ತಪ್ಪೇನು’ ಎಂಬ ವಾದ ನಿಲ್ಲುವುದಿಲ್ಲ. ಎರಡರದ್ದೂ ಬೆಂಕಿಯೇ ಆದರೂ ಮರದ ಮೇಲೆ ಅವು ಹಾಕುವ ಒತ್ತಡ ಬೇರೆ ಬೇರೆ.

ಈಗ ಮರದೊಳಗಿನ ಶಕ್ತಿಯ ಕಡೆಗೆ ಬರೋಣ. ಪೂರಾ ಒಣಗಿದ ಒಂದು ಕಿಲೋ ಮರದಲ್ಲಿ 18ರಿಂದ 19 ಮೆಗಾಜೂಲ್ (ಶಾಖವನ್ನು ಅಳೆಯುವ ಮಾನ) ಶಾಖವಿರುತ್ತದೆ. ಆದರೆ ಆಗತಾನೇ ಕಡಿದ ಹಸಿ ಮರದ ತೂಕದಲ್ಲಿ ಹತ್ತಿರಹತ್ತಿರ ಅರ್ಧ ನೀರು. ಆ ನೀರನ್ನು ಆವಿ ಮಾಡುವುದಕ್ಕೂ ಶಾಖ ಬೇಕಾಗುವುದರಿಂದ ಹಸಿ ಮರದ ಕಿಲೋವೊಂದರಿಂದ ನಮಗೆ ದಕ್ಕುವುದು 8 ಮೆಗಾಜೂಲ್‌ನಷ್ಟು ಮಾತ್ರ. ತೇವ ಶೇ 15ಕ್ಕೆ ಇಳಿಯುವಂತೆ ಒಣಗಿಸಿದ ಮರದಲ್ಲಿ ಅದು 15ಕ್ಕೂ ಹೆಚ್ಚು. ಒಂದೇ ಮರ, ಒಂದೇ ತೂಕ, ಆದರೆ ಶಾಖದಲ್ಲಿ ಸುಮಾರು ಎರಡು ಪಟ್ಟು ವ್ಯತ್ಯಾಸ. ಇದಕ್ಕೆ ಬೇಕಾದದ್ದು ಗಾಳಿಯಾಡುವ ಒಂದು ಮಾಡು, ಕೆಲವು ತಿಂಗಳ ಬಿಸಿಲು ಮತ್ತು ಕಾಯುವ ತಾಳ್ಮೆ. ಮರದ ಇಂಧನದ ದಕ್ಷತೆಯನ್ನು ಇಷ್ಟು ಅಗ್ಗವಾಗಿ ಹೆಚ್ಚಿಸುವ ಯಂತ್ರ ಇನ್ನೊಂದಿಲ್ಲ. ಹೀಗಿದ್ದೂ ನಮ್ಮಲ್ಲಿ ಹಸಿ ಕಟ್ಟಿಗೆಯೇ ಲಾರಿಗಟ್ಟಲೆ ಸಾಗುತ್ತಿರುವುದೇಕೆ ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮರವನ್ನು ಇದ್ದಿಲು ಮಾಡುವುದು ಇನ್ನೊಂದು ದಾರಿ. ಇದ್ದಿಲಿನ ಒಂದು ಕಿಲೋದಲ್ಲಿ ಸುಮಾರು 30 ಮೆಗಾಜೂಲ್ ಶಾಖವಿರುತ್ತದೆ, ಹೊಗೆ ಕಡಿಮೆ, ಸಾಗಿಸಲು ಹಗುರ. ಆದರೆ ಮಣ್ಣು ಮುಚ್ಚಿ ಸುಡುವ ಹಳೆಯ ಗುಂಡಿಯಲ್ಲಿ ಒಂದು ಕಿಲೋ ಇದ್ದಿಲಿಗೆ ಐದರಿಂದ ಏಳು ಕಿಲೋ ಮರ ಬೇಕಾಗುತ್ತದೆ. ಆರು ಕಿಲೋ ಎಂದಿಟ್ಟುಕೊಂಡು, ಕಿಲೋಗೆ 15 ಮೆಗಾಜೂಲ್‌ನಂತೆ ಲೆಕ್ಕ ಹಾಕಿದರೆ ಗುಂಡಿಗೆ ಹೋದದ್ದು 90, ಹೊರಗೆ ಬಂದದ್ದು 30. ಮೂರರಲ್ಲಿ ಎರಡು ಪಾಲು ಕಾಡಿನಂಚಿನಲ್ಲೇ ಹೊಗೆಯಾಗಿ, ಟಾರು ಎಂಬ ಕಪ್ಪು ಅಂಟು ದ್ರವವಾಗಿ ಕಳೆದುಹೋಯಿತು. ಇದ್ದಿಲು ಕೊಳ್ಳುವ ಪಟ್ಟಣದವನ ಒಲೆಯಲ್ಲಿ ನಿಂತು ಅಳೆದರೆ ಈ ನಷ್ಟ ಎಲ್ಲಿಯೂ ಕಾಣುವುದಿಲ್ಲ, ಅವನ ಒಲೆ ಬಲು ದಕ್ಷವಾದದ್ದು ಎಂದೇ ತೋರುತ್ತದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ ನಮ್ಮ ರಸ್ತೆಗಳಲ್ಲಿ ಓಡಿದ ಇದ್ದಿಲು ಗ್ಯಾಸಿನ ಬಸ್ಸುಗಳನ್ನು ಹಿರಿಯರು ನೆನೆಸಿಕೊಳ್ಳುತ್ತಿದ್ದರು. ಬಸ್ಸಿನ ಹಿಂದೆ ಕಟ್ಟಿದ ಕುಲುಮೆಯಲ್ಲಿ ಅರೆಬರೆ ಗಾಳಿಯಲ್ಲಿ ಇದ್ದಿಲನ್ನು ಉರಿಸಿ, ಹುಟ್ಟುವ ಅನಿಲವನ್ನು ಎಂಜಿನ್ನಿಗೆ ಕೊಡುವ ಏರ್ಪಾಡು ಅದು. ನೇರವಾಗಿ ಮರವನ್ನೇ ಹಾಕದೆ ಇದ್ದಿಲನ್ನು ಹಾಕಿದ್ದೇಕೆಂದರೆ ಮರದ ಅನಿಲದಲ್ಲಿರುವ ಟಾರು ಎಂಜಿನ್ನಿನ ಕವಾಟಗಳಿಗೆ ಮೆತ್ತಿಕೊಂಡು ಅದನ್ನು ನಿಲ್ಲಿಸಿಬಿಡುತ್ತದೆ. ಇದ್ದಿಲಿನಲ್ಲಿ ಆ ಟಾರು ಮೊದಲೇ ಹೋಗಿರುತ್ತದೆ. ಹೋಗಿರುವುದು ಎಲ್ಲಿಗೆ? ಕಾಡಿನ ಗುಂಡಿಗೆ. ಬಸ್ಸಿನ ತೊಂದರೆ ಬಗೆಹರಿಯಿತು, ಆದರೆ ಅದಕ್ಕೆ ಮರದ ಮೂರರಲ್ಲಿ ಎರಡು ಪಾಲು ಶಕ್ತಿಯನ್ನು ತೆರಬೇಕಾಯಿತು, ಆ ತೆರಿಗೆ ಬಸ್ಸಿನ ಟಿಕೆಟ್ಟಿನಲ್ಲಿ ನಮೂದಾಗಲಿಲ್ಲ.

ಈ ನಷ್ಟವನ್ನು ಕಂಡು, ಅದನ್ನು ಹಿಡಿದಿಡಬೇಕೆಂದು ಹೊರಟ ಒಂದು ದೊಡ್ಡ ಪ್ರಯತ್ನ ಭದ್ರಾವತಿಯಲ್ಲಿ ನಡೆಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ರೂಪುಗೊಂಡು 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಮೊದಲ ಹೆಸರಿನಲ್ಲೇ ಮರದ ಬಟ್ಟಿ ಇಳಿಸುವಿಕೆ ಸೇರಿತ್ತು ಎಂಬುದು ಇಂದು ಬಹಳ ಜನಕ್ಕೆ ಮರೆತಿದೆ. ಹತ್ತಿರದಲ್ಲಿ ಕಲ್ಲಿದ್ದಲಿಲ್ಲ, ಕೆಮ್ಮಣ್ಣುಗುಂಡಿಯಲ್ಲಿ ಅದಿರಿದೆ, ಸುತ್ತ ಮಲೆನಾಡಿನ ಕಾಡಿದೆ. ಆದ್ದರಿಂದ ಕುಲುಮೆಗೆ ಇದ್ದಿಲನ್ನೇ ಬಳಸುವುದೆಂದು ತೀರ್ಮಾನಿಸಿ, ಇದ್ದಿಲನ್ನು ಗುಂಡಿಯಲ್ಲಿ ಸುಡದೆ ಮುಚ್ಚಿದ ಪಾತ್ರೆಗಳಲ್ಲಿ ಮರವನ್ನು ಕಾಯಿಸಿ, ಏಳುವ ಆವಿಯನ್ನು ತಣಿಸಿ ಅದರಿಂದ ಮರದ ಆಲ್ಕೊಹಾಲ್ ಎನ್ನಿಸಿಕೊಂಡ ಮೆಥನಾಲ್, ಸುಣ್ಣದ ಅಸಿಟೇಟ್ ಮತ್ತು ಟಾರನ್ನು ತೆಗೆಯಲಾಯಿತು. ಕಾಡಿನಂಚಿನಲ್ಲಿ ಹೊಗೆಯಾಗಿ ಹೋಗುತ್ತಿದ್ದುದು ಇಲ್ಲಿ ಮಾರುವ ಸರಕಾಯಿತು. ರಸಾಯನಶಾಸ್ತ್ರವನ್ನು ಪಾಠ ಹೇಳಿ ಬದುಕಿದ ನನಗೆ ಇದು ಇಂದಿಗೂ ಗೌರವ ಹುಟ್ಟಿಸುವ ಕೆಲಸ.

ಆದರೆ ಆ ಲೆಕ್ಕದ ಗೆರೆಯೂ ಕಾರ್ಖಾನೆಯ ಕಾಂಪೌಂಡಿಗೆ ನಿಂತಿತು. ಒಂದು ಟನ್ ಬೀಡು ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು ಬೇಕು, ಅದಕ್ಕೆ ಎಷ್ಟು ಜಾಣತನದಿಂದ ಬಟ್ಟಿ ಇಳಿಸಿದರೂ ನಾಲ್ಕು ಟನ್ನಿನಷ್ಟು ಮರ ಬೇಕು. ಕುಲುಮೆ ದಿನವೂ ಕೇಳುತ್ತದೆ. ಮಲೆನಾಡಿನ ಮರ ದಶಕಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಹತ್ತಿರದ ಕಾಡು ತೆರವಾದಂತೆ ಮರ ದೂರದಿಂದ ಬರಬೇಕು, ದೂರವಾದಂತೆ ಸಾಗಣೆಯ ಖರ್ಚು ಏರಬೇಕು, ಖರ್ಚು ಏರಿದಂತೆ ಇದ್ದಿಲಿನ ಕಬ್ಬಿಣ ಮಾರುಕಟ್ಟೆಯಲ್ಲಿ ಸೋಲಬೇಕು. ಜೋಗದ ವಿದ್ಯುತ್ ಕೈಗೆ ಬಂದ ಮೇಲೆ 1950ರ ದಶಕದಲ್ಲಿ ಅಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಬಟ್ಟಿ ಇಳಿಸುವ ಪಾತ್ರೆಯೊಳಗಿನ ಪ್ರತಿ ಹನಿಯನ್ನೂ ಲೆಕ್ಕ ಇಟ್ಟವರು ಕಾಡಿನ ಬೆಳವಣಿಗೆಯ ವೇಗವನ್ನೂ ಅದೇ ಕಟ್ಟುನಿಟ್ಟಿನಲ್ಲಿ ಲೆಕ್ಕ ಇಟ್ಟಿದ್ದರೆ ಮಲೆನಾಡಿಗೆ ಒಳ್ಳೆಯದಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಮರದಿಂದ ನೇರವಾಗಿ ಅನಿಲ ತೆಗೆದು ಎಂಜಿನ್ ಓಡಿಸುವ, ಟಾರಿನ ತೊಂದರೆಯನ್ನು ಕಾಡಿಗೆ ತಳ್ಳದೆ ಯಂತ್ರದೊಳಗೇ ಬಗೆಹರಿಸುವ ಪ್ರಯತ್ನವೂ ನಮ್ಮ ರಾಜ್ಯದಲ್ಲೇ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಚ್.ಎಸ್. ಮುಕುಂದ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ತೆರೆದ ಬಾಯಿಯ ಗ್ಯಾಸಿಫೈಯರಿನಲ್ಲಿ ಗಾಳಿ ಮೇಲಿನಿಂದಲೂ ಪಕ್ಕದ ಕೊಳವೆಗಳಿಂದಲೂ ಒಳಬರುತ್ತದೆ. ಮರ ಮೊದಲು ಒಣಗುತ್ತದೆ, ಆಮೇಲೆ ಶಾಖಕ್ಕೆ ಒಡೆದು ಆವಿ ಮತ್ತು ಇದ್ದಿಲಾಗುತ್ತದೆ, ಆ ಆವಿ ಸಾವಿರ ಡಿಗ್ರಿಗೂ ಮೇಲಿನ ಬೆಂಕಿಯ ವಲಯವನ್ನು ದಾಟುವಾಗ ಅದರಲ್ಲಿನ ಟಾರಿನ ಬಹುಪಾಲು ಒಡೆದುಹೋಗುತ್ತದೆ, ಕೊನೆಗೆ ಕೆಂಡವಾದ ಇದ್ದಿಲಿನ ಹಾಸಿನ ಮೂಲಕ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಗಳು ಇಂಗಾಲದ ಮೊನಾಕ್ಸೈಡ್ ಮತ್ತು ಜಲಜನಕಗಳಾಗುತ್ತವೆ. ಹೊರಬರುವ ಅನಿಲದಲ್ಲಿ ಈ ಎರಡೂ ತಲಾ ಸುಮಾರು ಶೇ 20ರಷ್ಟು ಇರುತ್ತವೆ, ಹೆಚ್ಚುಕಡಿಮೆ ಅರ್ಧ ಭಾಗ ಉರಿಯದ ಸಾರಜನಕ. ಬಡ ಅನಿಲ, ಆದರೆ ಎಂಜಿನ್ ಓಡಿಸಲು ಸಾಕು. ಸುಮಾರು 1.2 ಕಿಲೋ ಒಣಮರದಿಂದ ಒಂದು ಯೂನಿಟ್ ವಿದ್ಯುತ್ ಸಿಗುತ್ತದೆ, ಅಂದರೆ ಮರದ ಶಕ್ತಿಯಲ್ಲಿ ಐದನೇ ಒಂದು ಪಾಲು ತಂತಿಗೆ ಬರುತ್ತದೆ.

ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಇಂಥ ಯಂತ್ರವೊಂದು ಬಂತು. ಆಗ ಅದು ವಿದ್ಯುತ್ತಿಲ್ಲದ ಸಣ್ಣ ಊರು. ಸುಮಾರು ಎರಡು ಹೆಕ್ಟೇರಿನಲ್ಲಿ ಉರುವಲಿನ ಮರಗಳನ್ನು ನೆಟ್ಟು, ಆ ಸೌದೆಯಿಂದ ಅನಿಲ ಮಾಡಿ, ಮನೆಗಳಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ಆಮೇಲೆ ನೀರಾವರಿಗೂ ವಿದ್ಯುತ್ ಕೊಟ್ಟರು. ಚಿಕ್ಕದಾಗಿ ಆರಂಭವಾದ ಯಂತ್ರದ ಜಾಗಕ್ಕೆ ಮುಂದೆ 20 ಕಿಲೋವಾಟ್‌ನದು ಬಂತು, ಹತ್ತು ವರ್ಷಕ್ಕೂ ಮೀರಿ ಕೆಲಸ ನಡೆಯಿತು. ಈ ಬಗೆಯ ಯೋಜನೆಗಳು ದೇಶದಾದ್ಯಂತ ಎರಡು ಮೂರು ವರ್ಷಕ್ಕೇ ತುಕ್ಕು ಹಿಡಿದುಹೋದದ್ದನ್ನು ನೋಡಿದರೆ ಇದು ಸಾಮಾನ್ಯ ಸಾಧನೆಯಲ್ಲ. ಯಂತ್ರ ಒಳ್ಳೆಯದಿತ್ತು ಎನ್ನುವುದು ಕಾರಣದ ಒಂದು ಭಾಗ ಮಾತ್ರ. ಮರ ಬೆಳೆಯುವವರು, ಕಡಿದು ಒಣಗಿಸಿ ಯಂತ್ರ ನಡೆಸುವವರು, ದೀಪ ಹಚ್ಚುವವರು, ಹಣ ಕಟ್ಟುವವರು ಎಲ್ಲರೂ ಒಂದೇ ಊರಿನವರಾಗಿದ್ದರು. ಸುತ್ತಿನ ಯಾವ ಕೊಂಡಿ ಸಡಿಲವಾದರೂ ಅದು ಅಂದಿನ ರಾತ್ರಿಯೇ ಎಲ್ಲರಿಗೂ ಗೊತ್ತಾಗುತ್ತಿತ್ತು.

ಕೊಂಡಿ ಸಡಿಲವಾದಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂಥ ಯೋಜನೆಗಳ ಸೋಲನ್ನು ‘ತಾಂತ್ರಿಕ ದೋಷ’ ಎಂಬ ಎರಡು ಪದಗಳಲ್ಲಿ ಮುಗಿಸುವುದನ್ನು ಬಹಳ ನೋಡಿದ್ದೇವೆ. ಮಳೆಗಾಲದಲ್ಲಿ ಸೌದೆಯ ಮೇಲೆ ಮಾಡು ಇಲ್ಲ ಎಂದಿಟ್ಟುಕೊಳ್ಳಿ. ತೇವದ ಸೌದೆ ಒಳಗೆ ಹೋದರೆ ಬೆಂಕಿಯ ವಲಯದ ತಾಪ ಇಳಿಯುತ್ತದೆ, ತಾಪ ಇಳಿದರೆ ಟಾರು ಒಡೆಯುವುದಿಲ್ಲ, ಟಾರು ಶೋಧಕವನ್ನು ಕಟ್ಟಿ ಎಂಜಿನ್ನಿಗೆ ಮೆತ್ತುತ್ತದೆ, ಎಂಜಿನ್ ನಿಂತರೆ ದೀಪ ಹೋಗುತ್ತದೆ, ದೀಪ ಪದೇ ಪದೇ ಹೋದರೆ ಜನ ತಿಂಗಳ ಹಣ ಕೊಡಲು ಹಿಂಜರಿಯುತ್ತಾರೆ, ಹಣವಿಲ್ಲದಿದ್ದರೆ ಸೌದೆ ಕಡಿದು ಒಣಗಿಸುವವನಿಗೆ ಕೂಲಿ ಇಲ್ಲ, ಅವನು ಹೋದ ಮೇಲೆ ಸೌದೆ ಇನ್ನಷ್ಟು ಹಸಿಯಾಗಿಯೇ ಬರುತ್ತದೆ. ಇದು ತನ್ನನ್ನು ತಾನೇ ಬಿಗಿ ಮಾಡಿಕೊಳ್ಳುತ್ತ ಹೋಗುವ ಕುಣಿಕೆ. ಇದರಲ್ಲಿ ತಂತ್ರ ಯಾವುದು, ಸಮಾಜ ಯಾವುದು ಎಂದು ಬಿಡಿಸಿ ತೋರಿಸುವುದು ಸಾಧ್ಯವಿಲ್ಲ. ಎಂಜಿನಿಯರ್ ಬಂದು ಶೋಧಕವನ್ನು ಬದಲಿಸಿದರೆ ಎರಡು ವಾರ ನಡೆದು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಮಾಡಿನ ಕೆಳಗೆ ಎರಡು ತಿಂಗಳ ಒಣಸೌದೆ ದಾಸ್ತಾನಿದ್ದರೆ ಇದೇ ಸುತ್ತು ತಿರುಗಿ ಒಳ್ಳೆಯ ದಿಕ್ಕಿನಲ್ಲಿ ಬಿಗಿಯಾಗುತ್ತದೆ: ದೀಪ ನಂಬಿಕೆಗೆ ಬರುತ್ತದೆ, ಹಣ ಬರುತ್ತದೆ, ಒಣಗಿಸುವವನು ಉಳಿಯುತ್ತಾನೆ. ಇನ್ನೊಂದು ಸೂಕ್ಷ್ಮವೂ ಇದೆ. ಯಂತ್ರದ ಶಕ್ತಿಗಿಂತ ಬಹಳ ಕಡಿಮೆ ಹೊರೆಯಲ್ಲಿ ಅದನ್ನು ಓಡಿಸಿದರೂ ಒಳಗಿನ ತಾಪ ಇಳಿದು ಟಾರು ಹೆಚ್ಚುತ್ತದೆ. ಹೀಗಾಗಿ ಸಂಜೆ ದೀಪಕ್ಕೆಂದು ಮಾತ್ರ ಓಡುವ ಯಂತ್ರಕ್ಕಿಂತ ಗಿರಣಿಯನ್ನೂ ಪಂಪನ್ನೂ ಎಳೆಯುವ ಯಂತ್ರ ಹೆಚ್ಚು ಆರೋಗ್ಯವಾಗಿರುತ್ತದೆ.

ಹಳ್ಳಿಯ 20 ಕಿಲೋವಾಟ್‌ಗೆ ಸರಿಹೊಂದಿದ್ದು ಮೆಗಾವಾಟ್‌ಗಳಿಗೆ ಹಿಗ್ಗಿಸಿದಾಗ ಏನಾಗುತ್ತದೆ? ಒಂದು ಮೆಗಾವಾಟಿನ ಘಟಕ ವರ್ಷಕ್ಕೆ 7000 ಗಂಟೆ ಓಡಿದರೆ 70 ಲಕ್ಷ ಯೂನಿಟ್ ಆಗುತ್ತದೆ, ಯೂನಿಟ್ಟಿಗೆ 1.3 ಕಿಲೋ ಹಿಡಿದರೂ 9000 ಟನ್ ಒಣಮರ ಬೇಕು. ನಮ್ಮ ಒಣಸೀಮೆಯ ಮಳೆಯಾಶ್ರಯದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಆರು ಟನ್ ಬೆಳೆದರೆ ಅದು ಒಳ್ಳೆಯ ಬೆಳೆ. ಹಾಗೆ ನೋಡಿದರೆ ಒಂದೊಂದು ಮೆಗಾವಾಟಿಗೂ 1500 ಹೆಕ್ಟೇರ್ ಭೂಮಿ, ಅದೂ ಬೇರೆ ಯಾರ ಪಾಲಿಗೂ ಸೌದೆ ಕೊಡದ ಭೂಮಿ, ಮೀಸಲಿರಬೇಕು. ಅಷ್ಟು ಭೂಮಿಯನ್ನು ಗುರುತಿಸದೆ, ‘ಸುತ್ತಲಿನ 50 ಕಿಲೋಮೀಟರಿನಲ್ಲಿ ಸಾಕಷ್ಟು ಜೈವಿಕ ಉಳಿಕೆ ಲಭ್ಯವಿದೆ’ ಎಂಬ ವಾಕ್ಯದೊಂದಿಗೆ ಕಡತಗಳು ಮುಂದೆ ಹೋಗುತ್ತವೆ. ಹೊರಬಂದ ಘಟಕಗಳಲ್ಲಿ ಹಲವು, ತಾವೇ ಏರಿಸಿದ ಉರುವಲಿನ ಬೆಲೆಗೆ ತಾವೇ ಬಲಿಯಾಗಿ ನಿಂತುಹೋದವು. ಬಿಟ್ಟಿ ಎಂದು ಲೆಕ್ಕ ಹಾಕಿದ ಹೊಟ್ಟು, ಸಿಪ್ಪೆ, ಕಟ್ಟಿಗೆಗಳು ಕೊಳ್ಳುವವನು ಬಂದ ದಿನದಿಂದ ಬಿಟ್ಟಿಯಾಗಿ ಉಳಿಯುವುದಿಲ್ಲ.

ಬೆಲೆ ಏರಿದರೆ ರೈತರು ಮರ ನೆಡುತ್ತಾರೆ, ಪೂರೈಕೆ ತಾನಾಗಿ ಹೆಚ್ಚುತ್ತದೆ ಎಂದು ಅರ್ಥಶಾಸ್ತ್ರ ಓದಿದವರು ಹೇಳಬಹುದು. ನೆಡುತ್ತಾರೆ, ನಿಜ. ಆದರೆ ನೆಟ್ಟ ಮರ ಕಡಿತಕ್ಕೆ ಬರಲು ನಾಲ್ಕೈದು ವರ್ಷ ಬೇಕು, ಬಾಯ್ಲರು ನಾಳೆಯೇ ಕೇಳುತ್ತದೆ. ಆ ನಡುವಿನ ವರ್ಷಗಳ ಸೌದೆ ಗೋಮಾಳದಿಂದ, ಕೆರೆಯಂಗಳದಿಂದ, ಗುಂಡುತೋಪಿನಿಂದ ಬರುತ್ತದೆ, ಅಂದರೆ ಯಾರದೂ ಅಲ್ಲ ಎಂದು ಎಣಿಸಲಾಗುವ, ನಿಜದಲ್ಲಿ ಭೂಮಿಯಿಲ್ಲದವರ ಒಲೆಯನ್ನು ಉರಿಸುವ ಜಾಗಗಳಿಂದ ಬರುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿಗಳ ಬಳ್ಳಾರಿ ಜಾಲಿಯನ್ನು ಕಳೆ ಎಂದು ಬಯ್ಯುವವರು, ಅದನ್ನೇ ಕಡಿದು, ಸುಟ್ಟು, ಮಾರಿ ಬದುಕುವ ಮನೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇತ್ತ ನೆಟ್ಟ ಮರ ಕಡಿತಕ್ಕೆ ಬರುವ ಹೊತ್ತಿಗೆ ಘಟಕ ಮುಚ್ಚಿದ್ದರೆ ರೈತನಿಗೆ ಕೊಳ್ಳುವವನಿಲ್ಲ.

ಕೋಲಾರದ ನೀಲಗಿರಿಯ ಕಥೆ ಈ ವಿಳಂಬದ ಪಾಠವೇ ಆಗಿದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯನ್ನು ಸಮರ್ಥಿಸಲು ಹೇಳಿದ ಮೊದಲ ಕಾರಣ ಹಳ್ಳಿಯ ಉರುವಲಿನ ಕೊರತೆ. ನೆಟ್ಟದ್ದು ಬಹುಪಾಲು ನೀಲಗಿರಿ, ಬೆಲೆ ಕೊಟ್ಟದ್ದು ತಿರುಳು ಮತ್ತು ರೇಯಾನ್ ಉದ್ಯಮ, ಹೋದದ್ದು ಅಲ್ಲಿಗೇ. ರಾಗಿ ಹೊಲ ಕಡಿಮೆಯಾದಂತೆ ರಾಗಿ ಹುಲ್ಲು ಕಡಿಮೆಯಾಯಿತು, ಕೂಲಿಯ ದಿನಗಳು ಕಡಿಮೆಯಾದವು, ನೀಲಗಿರಿಯ ಎಲೆಯನ್ನು ದನ ಮುಟ್ಟುವುದಿಲ್ಲ. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನೇ ನಿಷೇಧಿಸಬೇಕಾಯಿತು. ಒಲೆಯ ಹೆಸರಿನಲ್ಲಿ ಹೊರಟ ಯೋಜನೆ ಒಲೆಗೆ ತಲುಪದಿದ್ದುದಕ್ಕೆ ಅಧಿಕಾರಿಗಳ ದುರುದ್ದೇಶವನ್ನು ಹುಡುಕಬೇಕಾದ ಅಗತ್ಯವಿಲ್ಲ. ಮರಕ್ಕೆ ಯಾರು ಹೆಚ್ಚು ಬೆಲೆ ಕೊಡುತ್ತಾರೆ ಎಂಬುದನ್ನು ನಕ್ಷೆಯಿಂದ ಹೊರಗಿಟ್ಟದ್ದೇ ಸಾಕಾಯಿತು.

ಇಂಗಾಲದ ವಿಚಾರಕ್ಕೆ ಹೆಚ್ಚು ಮಾತು ಬೇಡ. ಒಂದೇ ಪ್ರಮಾಣದ ಶಾಖಕ್ಕೆ ಮರ ಬಿಡುವ ಇಂಗಾಲದ ಡೈಆಕ್ಸೈಡ್ ಕಲ್ಲಿದ್ದಲು ಬಿಡುವುದಕ್ಕಿಂತ ಕಡಿಮೆಯಿಲ್ಲ, ಸ್ವಲ್ಪ ಹೆಚ್ಚೇ ಇದೆ: ಒಂದು ಗಿಗಾಜೂಲ್ (ಸಾವಿರ ಮೆಗಾಜೂಲ್) ಶಾಖಕ್ಕೆ ಕಲ್ಲಿದ್ದಲಿನಿಂದ ಸುಮಾರು 95 ಕಿಲೋ, ಮರದಿಂದ ಸುಮಾರು 110 ಕಿಲೋ. ಮರದ ಹೆಚ್ಚುಗಾರಿಕೆ ಇರುವುದು ಅದು ಮತ್ತೆ ಬೆಳೆದು ಅಷ್ಟನ್ನೂ ಹೀರಿಕೊಳ್ಳುತ್ತದೆ ಎಂಬಲ್ಲಿ. ಕೊಚ್ಚಿದ ಬುಡದಿಂದ ಚಿಗುರುವ ಜಾಲಿ, ಗ್ಲಿರಿಸೀಡಿಯಾಗಳಲ್ಲಿ ಆ ಸಾಲ ಕೆಲವೇ ವರ್ಷಗಳಲ್ಲಿ ತೀರುತ್ತದೆ. ಹಳೆಯ ಕಾಡಿನ ಮರದಲ್ಲಿ ಒಂದು ತಲೆಮಾರಿನಲ್ಲೂ ತೀರುವುದಿಲ್ಲ. ಆದ್ದರಿಂದ ಯಾವ ಮರ, ಎಲ್ಲಿಯದು, ಮತ್ತೆ ಬೆಳೆಯಿತೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಯಾವ ಬಾಯ್ಲರನ್ನೂ ಹಸಿರು ಎಂದು ಕರೆಯಲಾಗದು.

ಇನ್ನು ಬೂದಿ. ಮರ ಮಣ್ಣಿನಿಂದ ಎತ್ತಿಕೊಂಡ ಪೊಟ್ಯಾಷ್, ಸುಣ್ಣ, ರಂಜಕಗಳು ಬೂದಿಯಲ್ಲಿ ಉಳಿಯುತ್ತವೆ, ಸಾರಜನಕ ಹೊಗೆಯೊಂದಿಗೆ ಹೋಗುತ್ತದೆ. ಕಾಂಡಕ್ಕಿಂತ ಎಲೆ ಮತ್ತು ಸಣ್ಣ ಕಡ್ಡಿಗಳಲ್ಲಿ ಈ ಸಾರ ಹೆಚ್ಚು. ಉತ್ತರ ಕನ್ನಡ, ಶಿವಮೊಗ್ಗಗಳ ಅಡಿಕೆ ಬೆಳೆಗಾರರು ಸೊಪ್ಪಿನಬೆಟ್ಟದ ಸೊಪ್ಪು ತರಗನ್ನು ತೋಟಕ್ಕೆ ತಂದು ಹಾಕುವ ಪದ್ಧತಿ ಈ ತಿಳಿವಿನ ಮೇಲೆಯೇ ನಿಂತಿದೆ. ಹಳ್ಳಿಯ ಒಲೆಯ ಬೂದಿ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ ಹೋಗುತ್ತಿತ್ತು, ಸುತ್ತು ಮುಚ್ಚುತ್ತಿತ್ತು. ಕೊಪ್ಪಳದ ಕಟ್ಟಿಗೆ ಬೆಂಗಳೂರಿನ ಹೊರವಲಯದ ಬಾಯ್ಲರಿನಲ್ಲಿ ಬೂದಿಯಾದರೆ ಆ ಬೂದಿ ಯಾವ ಹೊಲಕ್ಕೂ ಹಿಂದಿರುಗುವುದಿಲ್ಲ. ಕಡಿಯುವಾಗ ಎಲೆ ಮತ್ತು ಬೆರಳುಗಾತ್ರದ ಕಡ್ಡಿಗಳನ್ನು ಅಲ್ಲೇ ಬಿಡಬೇಕೆಂಬ ನಿಯಮ ಮಾಡಿದರೆ ಅರ್ಧ ಸಮಸ್ಯೆ ಅಲ್ಲಿಯೇ ತೀರುತ್ತದೆ.

ಸರ್ಕಾರದ ಮುಂದೆ ನಾನು ಇಡುವ ಬೇಡಿಕೆ ಎರಡು. ಮೊದಲನೆಯದು, ಮರವನ್ನು ಅಥವಾ ಮರದ ಪೆಲೆಟ್ಟನ್ನು ಉರಿಸುವ ಯಾವುದೇ ದೊಡ್ಡ ಘಟಕಕ್ಕೆ ಅನುಮತಿ ಕೊಡುವ ಮೊದಲು, ಅದು ಸೌದೆ ಸೆಳೆಯುವ ತಾಲ್ಲೂಕುಗಳ ವಾರ್ಷಿಕ ಬೆಳವಣಿಗೆ ಎಷ್ಟು, ಈಗಿರುವ ಬಳಕೆದಾರರು ಯಾರು ಎಂಬ ಲೆಕ್ಕವನ್ನು ಆಯಾ ಗ್ರಾಮ ಪಂಚಾಯಿತಿಗಳಲ್ಲಿ ಕನ್ನಡದಲ್ಲಿ ಪ್ರಕಟಿಸಬೇಕು. ಈ ಪಟ್ಟಿಯಲ್ಲಿ ಮನೆಯ ಒಲೆ ಮೊದಲ ಸಾಲಿನಲ್ಲಿರಬೇಕು. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪು ಹದಮಾಡುವ ಬ್ಯಾರನ್, ರಾಮನಗರ, ಶಿಡ್ಲಘಟ್ಟಗಳ ರೇಷ್ಮೆ ಬಿಚ್ಚಣಿಕೆಯ ಒಲೆ, ಇಟ್ಟಿಗೆ ಗೂಡು, ಅಡಿಕೆ ಬೇಯಿಸುವ ಹಂಡೆ ಎಲ್ಲವೂ ಬರಬೇಕು. ಪುರ ಎಂಬ ಒಂದು ಹಳ್ಳಿಗೆ 1977ರಲ್ಲಿ, ಕಂಪ್ಯೂಟರುಗಳು ಅಪರೂಪವಾಗಿದ್ದ ಕಾಲದಲ್ಲಿ ಸಾಧ್ಯವಾದ ಕೆಲಸ ಇಂದು ತಾಲ್ಲೂಕಿಗೆ ಸಾಧ್ಯವಿಲ್ಲ ಎನ್ನುವುದನ್ನು ಒಪ್ಪಲಾಗದು.

ಎರಡನೆಯದು ಚಿಕ್ಕದಾಗಿ ಕಾಣುತ್ತದೆ, ಆದರೆ ಇಡೀ ಸುತ್ತನ್ನು ಬದಲಿಸುವ ಶಕ್ತಿ ಅದಕ್ಕಿದೆ. ಇಂದು ತೂಕಸೇತುವೆಯ ಮೇಲೆ ಸೌದೆಯನ್ನು ಇದ್ದ ತೂಕಕ್ಕೆ ಕೊಳ್ಳುವುದು ವ್ಯಾಪಕವಾದ ರೂಢಿ. ಅರ್ಧ ನೀರಿರುವ ಒಂದು ಟನ್ ಹಸಿ ಕಟ್ಟಿಗೆಯನ್ನು ರೈತನೊಬ್ಬ ಹಾಗೆಯೇ ಮಾರಿದರೆ ಒಂದು ಟನ್ನಿನ ಹಣ ಸಿಗುತ್ತದೆ. ಅದನ್ನೇ ಒಣಗಿಸಿ ತೇವವನ್ನು ಶೇ 15ಕ್ಕೆ ಇಳಿಸಿದರೆ ಅದರ ತೂಕ 588 ಕಿಲೋ ಆಗುತ್ತದೆ, ಕೈಗೆ ಬರುವ ಹಣ ಐದರಲ್ಲಿ ಎರಡು ಪಾಲು ಕಡಿಮೆಯಾಗುತ್ತದೆ. ಶಾಖ ಮಾತ್ರ 8000 ಮೆಗಾಜೂಲಿನಿಂದ 9000ಕ್ಕೆ ಏರಿರುತ್ತದೆ. ಒಳ್ಳೆಯ ಕೆಲಸ ಮಾಡಿದವನಿಗೆ ದಂಡ, ನೀರನ್ನು ಮಾರಿದವನಿಗೆ ಲಾಭ. ಹಸಿ ಸೌದೆಯ ಲಾರಿಗಳು, ಅದನ್ನು ಒಣಗಿಸಲು ಬಾಯ್ಲರಿನೊಳಗೆ ವ್ಯರ್ಥವಾಗುವ ಬೆಂಕಿ, ಕಪ್ಪು ಹೊಗೆ, ಅದೇ ಹಬೆಗೆ ಬೇಕಾಗುವ ಹೆಚ್ಚಿನ ಮರ ಇವೆಲ್ಲಕ್ಕೂ ಮೂಲ ಈ ಒಂದು ರೂಢಿಯಲ್ಲಿದೆ. ಕೊಳ್ಳುವ ಬಾಗಿಲಲ್ಲಿ ತೇವಮಾಪಕವನ್ನಿಟ್ಟು, ನೀರಿನ ಪಾಲನ್ನು ಕಳೆದು ಒಣತೂಕದ ಮೇಲೆ ಬೆಲೆ ಕಟ್ಟುವುದನ್ನು ಅನುಮತಿಯ ಷರತ್ತಾಗಿ ಸೇರಿಸಬೇಕು, ಆ ಬೆಲೆಯನ್ನು ಬಾಗಿಲ ಮೇಲೆ ಬರೆದು ಹಾಕಬೇಕು. ಕಬ್ಬಿಗೆ ಸಕ್ಕರೆಯ ಇಳುವರಿಯನ್ನು ನೋಡಿ ದರ ನಿಗದಿ ಮಾಡುವ, ಹಾಲಿಗೆ ಜಿಡ್ಡನ್ನು ಅಳೆದು ಹಣ ಕೊಡುವ ನಾಡು ನಮ್ಮದು. ಡೇರಿಯ ಮುಂದೆ ದಿನವೂ ಬೆಳಿಗ್ಗೆ ನಡೆಯುವ ಆ ಕೆಲಸವನ್ನು ಸೌದೆಗೂ ಮಾಡಲು ಬೇಕಾದ ಉಪಕರಣ ದುಬಾರಿಯದಲ್ಲ, ಕಲಿಯುವುದೂ ಕಷ್ಟವಲ್ಲ. ಬರುವ ಮಳೆಗಾಲಕ್ಕೆ ಮೊದಲು ಅರಣ್ಯ, ಇಂಧನ ಮತ್ತು ಗ್ರಾಮೀಣಾಭಿವೃದ್ಧಿ ಇಲಾಖೆಗಳು ಕೂಡಿ ಕುಳಿತು ಈ ಷರತ್ತಿನ ಕರಡನ್ನು ಸಿದ್ಧಪಡಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇಂತಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ,
ತುಮಕೂರು ಜಿಲ್ಲೆ